ನಿರರ್ಥಕವಾದ ಒಂದು ತಂತಿ

ಫಳ್ನೀರಿನ ನೂರ್ ಮುಹಮ್ಮದ್ ಮಾಸ್ಟರರು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದರು. ಅವರ ಕೆಂಪು ಶಾಯಿಯ ಪೆನ್ನು ಮಾತ್ರ ನಿವೃತ್ತವಾಗಲಿಲ್ಲ. ಉಕ್ಕಿನ ಕ್ಲಿಪ್ಪಿನ ಆ ಪೆನ್ನು ಅಂಗಿಯ ಕಿಸೆಯಲ್ಲಿ ಸದಾ ಸನ್ನದ್ಧವಾಗಿರುತ್ತಿತ್ತು. ಮದುವೆಯ ಕರೆಯೋಲೆ ಬಂದರೆ ಅವರು ಮೊದಲು ಅದರ ಕಾಗುಣಿತವನ್ನು ತಿದ್ದಿ, ಆಮೇಲೆ ಮದುವೆಗೆ ಹೋಗಿ, ತಿದ್ದಿದ ಪ್ರತಿಯನ್ನು ಮದುಮಗನ ತಂದೆಯ ಕೈಯಲ್ಲಿಟ್ಟು, ಅನಂತರ ಬಿರಿಯಾನಿಗೆ ಕೂರುವರು. ಹುರುಳಿಲ್ಲದ ವಾಕ್ಯ ಕಂಡಲ್ಲಿ ಅಂಚಿನಲ್ಲಿ ‘ಅರ್ಥವಿಲ್ಲ’ ಎಂದು ಬರೆಯುವುದು ಅವರ ಪದ್ಧತಿ. ಮಂಗಳೂರಿನಲ್ಲಿ ಈಗ ನಡುವಯಸ್ಸು ಮುಟ್ಟಿರುವ ಅನೇಕ ಗೃಹಸ್ಥರು ಆ ಒಂದು ಪದದ ನೆರಳಿನಲ್ಲಿಯೇ ಬೆಳೆದು ದೊಡ್ಡವರಾದವರು.

ಇಂಥ ಮಾಸ್ಟರರ ಮನೆಗೆ ಒಂದು ಕಾರು ಬಂದಿತು. ಮಾಸ್ಟರರ ಪತ್ನಿ ಮುನೀರಾ ಅವರ ತಮ್ಮ ಶಾಹುಲ್ ಕೊಲ್ಲಿಯ ಜುಬೈಲಿಗೆ ಕೆಲಸಕ್ಕೆ ಹೊರಡುವಾಗ ತನ್ನ ಕಾರಿನ ಕೀಲಿಯನ್ನು ಅಕ್ಕನ ಅಂಗೈಯಲ್ಲಿಟ್ಟು, ಭಾವನ ಮುಖ ನೋಡಿಕೊಂಡೇ, “ಕಾರು ಅಕ್ಕನಿಗೆ” ಎಂದು ಸ್ಪಷ್ಟವಾಗಿ ನುಡಿದಿದ್ದ. ಅಕ್ಕನಿಗೆ ಆಗ ಐವತ್ತೆರಡು ವರ್ಷ. ಕಲಿಯುವವರ ಲೈಸನ್ಸ್ ಪಡೆದು ಅವರು ಎರಡು ಸಲ ಪರೀಕ್ಷೆಗೆ ಹೋದರು. ಮೊದಲ ಸಲ ಹಿಂದಕ್ಕೆ ಬರುವಾಗ ಒಂದು ಕಂಬ ಉರುಳಿತು; ಎರಡನೆಯ ಸಲ ಪರೀಕ್ಷೆಯ ಮೈದಾನದಲ್ಲಿ ಮೊಣಕಾಲೆತ್ತರ ನೀರು ನಿಂತಿತ್ತು. ಮೂರನೆಯ ಅವಕಾಶ ಬರುವ ಗುರುವಾರ. ಆ ಗುರುವಾರವೇ ಕಲಿಯುವವರ ಲೈಸನ್ಸಿನ ಆರು ತಿಂಗಳೂ ಮುಗಿಯುತ್ತಿದ್ದವು. ತಪ್ಪಿದರೆ ಮತ್ತೆ ಅ ಆ ಇ ಈ.

ಮುನೀರಾ ಅವರಿಗೆ ಕಾರು ಬಿಡುವ ಹಂಬಲ ಏಕೆ ಹುಟ್ಟಿತೆಂದು ಬಂಧುಗಳು ಬಹಳ ಚರ್ಚಿಸಿದ್ದರು. ಕಾರಣ ಸರಳವಾದದ್ದು. ಅವರ ತಾಯಿ ಹಲೀಮಾ ಸುರತ್ಕಲಿನಲ್ಲಿದ್ದರು. ವಾರಕ್ಕೊಮ್ಮೆ ಅಲ್ಲಿಗೆ ಹೋಗುವಾಗ ಮಾಸ್ಟರರು ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ವೇಗದಲ್ಲಿ ಕಾರು ಬಿಡುತ್ತಾ, ದಾರಿಯ ಪ್ರತಿಯೊಂದು ಊರಿನ ಹೆಸರಿನ ಮೂಲವನ್ನು ಪ್ರತಿಪಾದಿಸುತ್ತಿದ್ದರು. ಕೂಳೂರು ಎಂಬ ಹೆಸರಿನ ಬಗ್ಗೆ ಮೂರು ಪಕ್ಷಗಳಿದ್ದವು. ಸೇತುವೆಯ ಈ ತುದಿಯಲ್ಲಿ ಪೂರ್ವಪಕ್ಷ ಆರಂಭವಾದರೆ ಆ ತುದಿಯಲ್ಲಿ ಸಿದ್ಧಾಂತ ಮುಗಿಯುತ್ತಿತ್ತು. ಲಾರಿಗಳು ಅಡ್ಡವಾದ ದಿನ ಖಂಡನೆಗೂ ಸಮಯ ದೊರೆಯುತ್ತಿತ್ತು. “ಒಮ್ಮೆ, ಒಂದೇ ಒಮ್ಮೆ, ಕೂಳೂರು ಸೇತುವೆಯನ್ನು ನಾನು ಸುಮ್ಮನೆ ದಾಟಬೇಕು” ಎಂದು ಮುನೀರಾ ಅವರು ಎರಡನೆಯ ಮಹಡಿಯ ನೆಲ್ಲಿ ಬಾಯಿಯ ಬಳಿ ಹೇಳಿಕೊಂಡಿದ್ದರು. ನಲವತ್ತು ವರ್ಷ ನರ್ಸಾಗಿದ್ದ ನೆಲ್ಲಿ ಬಾಯಿ ಯಾರ ಗುಟ್ಟನ್ನೂ ಬಿಟ್ಟುಕೊಟ್ಟವರಲ್ಲ.

ಅನರ್ಥ ಆರಂಭವಾದದ್ದು ಭಾನುವಾರ. ಮುನೀರಾ ಅವರು ಅಭ್ಯಾಸಕ್ಕಾಗಿ ಹಂಪನಕಟ್ಟೆಯ ಕಡೆಗೆ ಕಾರು ಬಿಡುತ್ತಿದ್ದರು, ಪಕ್ಕದಲ್ಲಿ ಮಾಸ್ಟರರು. ಎದುರಿನಿಂದ ಬಂದ ಸಿಟಿ ಬಸ್ಸಿನ ಕಂಡಕ್ಟರನು ಬಾಗಿಲಲ್ಲಿ ನೇತಾಡುತ್ತಲೇ ಇವರತ್ತ ಕೈಚಾಚಿ, ಬೆರಳುಗಳನ್ನು ಬಿಡಿಸಿ ಮಡಚಿದ. ಹೂವು ಮಾರುವ ಹೆಂಗಸು ಹಾಗೆಯೇ ಮಾಡಿದಳು. ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಿಡುವಾದ ಕೈಯ ಬೆರಳುಗಳನ್ನು ಅರಳಿಸಿ ಮುಚ್ಚಿದರು.

ಮಾಸ್ಟರರ ಎದೆ ತುಂಬಿತು. “ನೋಡಿದೆಯಾ? ನಿವೃತ್ತನಾಗಿ ಏಳು ವರ್ಷವಾಯಿತು. ಊರು ನನ್ನನ್ನು ಮರೆತಿಲ್ಲ” ಎಂದು ಅವರೂ ಕಿಟಕಿಯಿಂದ ಕೈ ಹೊರಹಾಕಿ, ಪ್ರತಿಯೊಬ್ಬರಿಗೂ ಬೆರಳು ಬಿಡಿಸಿ ಮಡಚಿ ಪ್ರತಿವಂದನೆ ಸಲ್ಲಿಸತೊಡಗಿದರು.

“ಅದು ನಿಮಗೆ ಸಲಾಂ ಅಲ್ಲ. ಲೈಟ್ ಉಂಟು ಅಂತ ಹೇಳುವುದು ಅವರು” ಎಂದರು ಮುನೀರಾ.

“ಯಾವ ಲೈಟು? ನಡುಹಗಲು ಹನ್ನೊಂದು ಗಂಟೆ!”

ಮಾಸ್ಟರರು ಕಾರು ನಿಲ್ಲಿಸಲು ಹೇಳಿ, ಇಳಿದು ನೋಡಿದರು. ಮುಂಭಾಗದಲ್ಲಿ, ಎರಡು ಕಣ್ಣುಗಳ ಕೆಳಗೆ ಕಾಡಿಗೆಯಂತೆ, ಎರಡು ಬಿಳಿಯ ಬೆಳಕಿನ ಗೆರೆಗಳು ಬಿಸಿಲನ್ನು ಲೆಕ್ಕಿಸದೆ ಉರಿಯುತ್ತಿದ್ದವು.

“ಅದು ಹಗಲು ಉರಿಯುವ ಲೈಟೇ. ಡಿಆರ್‌ಎಲ್ ಅಂತ. ಆಫ್ ಆಗುವುದಿಲ್ಲ, ಶಾಹುಲ್ ಹೇಳಿದ್ದಾನೆ.”

“ಹಗಲು ಉರಿಯುವ ದೀಪವೇ? ಒಣಗಿದ ನೀರು ಎಂದ ಹಾಗಾಯಿತು. ಸೃಷ್ಟಿಕರ್ತನು ಆಕಾಶದಲ್ಲಿ ಸೂರ್ಯನನ್ನಿಟ್ಟಿರುವಾಗ ಅವನ ಮುಖಕ್ಕೆ ನಾವು ಬತ್ತಿ ಹಿಡಿಯುವುದು ಇಸ್ರಾಫ್, ಶುದ್ಧ ದುಂದು. ಅದೂ ಅಲ್ಲದೆ ಊರಿಗೆ ಊರೇ ಎದ್ದು ತಪ್ಪೆಂದು ಹೇಳುತ್ತಿದೆ.”

ಊರು ತನ್ನನ್ನು ವಂದಿಸಲಿಲ್ಲವೆಂಬ ನೋವನ್ನು ಧರ್ಮದ ಮಾತಿನಲ್ಲಿ ಸುತ್ತಿಡುವುದು ಸುಲಭ. ಮಾಸ್ಟರರಿಗೆ ಆ ರಾತ್ರಿ ನಿದ್ರೆ ಚೆನ್ನಾಗಿಯೇ ಬಂದಿತು.

ಸೋಮವಾರ ಝುಹರ್ ನಮಾಝ್ ಮುಗಿಸಿ, ಅಡುಗೆಮನೆಯ ಸಣ್ಣ ಚೂರಿಯೊಂದನ್ನು ಹಿಡಿದು, ಅವರು ಕಟ್ಟಡದ ತಳದಲ್ಲಿದ್ದ ಕಾರಿನ ಬಾನೆಟ್ಟನ್ನು ತೆರೆದರು. ಸ್ಕೂಟರ್ ನಿಲ್ಲಿಸುತ್ತಿದ್ದ ನೆಲ್ಲಿ ಬಾಯಿ ಚೂರಿಯನ್ನು ಕಂಡು ಹತ್ತಿರ ಬಂದರು.

“ಎಂತ ಮಾಸ್ಟ್ರೇ, ಆಪರೇಶನ್ನಾ?”

“ಪರಿಶೀಲನೆ. ಇಲ್ಲಿ ನೋಡಿ ಬಾಯಿ. ಪ್ರತಿಯೊಂದು ತಂತಿಯೂ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರುತ್ತದೆ. ಕರ್ತೃವಿನಿಂದ ಕ್ರಿಯಾಪದಕ್ಕೆ ಹೋದ ಹಾಗೆ. ಈ ಕಪ್ಪು ತಂತಿ ಮಾತ್ರ ದೀಪದಿಂದ ಹೊರಟು ಎಲ್ಲಿಗೂ ಹೋಗುವುದಿಲ್ಲ. ಕಾರಿನ ತಗಡಿಗೆ ಹಣೆ ಒತ್ತಿ ನಿಂತಿದೆ, ಒಂದು ಸ್ಕ್ರೂ. ಇದಕ್ಕೆ ಏನು ಪ್ರಯೋಜನ? ನಿರರ್ಥಕ.”

“ನಾನು ನಲವತ್ತು ವರ್ಷ ವಾರ್ಡಿನಲ್ಲಿದ್ದೆ ಮಾಸ್ಟ್ರೇ. ಎಲ್ಲಿಗೂ ಹೋಗದ ಹಾಗೆ ಕಾಣುವ ಟ್ಯೂಬನ್ನು ನಾವು ಎಳೀಲಿಕ್ಕಿಲ್ಲ.”

“ನಿಮ್ಮದು ಶರೀರಶಾಸ್ತ್ರ” ಎಂದು ಮಾಸ್ಟರರು ಚೂರಿಯ ತುದಿಯಿಂದ ಸ್ಕ್ರೂ ತಿರುಗಿಸಿದರು. ಕೀಲಿ ಹಾಕಿ ನೋಡಿದರೆ, ಬಿಳಿಯ ಗೆರೆಗಳು ಆರಿಹೋಗಿದ್ದವು! ಜಗತ್ತಿನ ಯಾವ ವಿಜಯವೂ ಇಷ್ಟು ಅಗ್ಗವಾಗಿ ದೊರೆತದ್ದಿಲ್ಲ. ಇಷ್ಟು ದುಬಾರಿಯಾದದ್ದೂ ಇಲ್ಲ. ಏಕೆಂದರೆ ಮಾಸ್ಟರರು ವೈಯಾಕರಣರು. ಒಂದೆಡೆ ಸಿದ್ಧವಾದ ಸೂತ್ರ ಎಲ್ಲ ಕಡೆಗೂ ಅನ್ವಯಿಸಬೇಕೆಂಬುದು ಅವರ ನಿಷ್ಠೆ. ಅವರು ಹಿಂದಿನ ಡಿಕ್ಕಿಯನ್ನು ತೆರೆದರು. ಅಲ್ಲಿಯೂ ದೀಪಗಳ ಬೆನ್ನಿನಿಂದ ಬಂದ ಒಂದು ಕಪ್ಪು ತಂತಿ ತಗಡಿಗೆ ಹಣೆ ಒತ್ತಿ ನಿಂತಿತ್ತು. ಅದನ್ನೂ ಬಿಡಿಸಿದರು. ಎರಡು ಸ್ಕ್ರೂಗಳನ್ನೂ ಕನ್ನಡಕದ ಪೆಟ್ಟಿಗೆಯಲ್ಲಿ ಹಾಕಿ, ತೃಪ್ತಿಯಿಂದ ಮೆಟ್ಟಿಲು ಹತ್ತಿದರು.

ಮಂಗಳವಾರ ಬೆಳಗ್ಗೆ ಮುನೀರಾ ಅವರು ಕಾರು ಹೊರಡಿಸಿದಾಗ ಎದುರಿನಿಂದ ಯಾರೂ ಕೈ ಮಾಡಲಿಲ್ಲ. ಮಾಸ್ಟರರು ಮೀಸೆಯಲ್ಲಿ ನಕ್ಕರು. ಆದರೆ ಈಗ ಕೂಗು ಹಿಂದಿನಿಂದ ಏಳತೊಡಗಿತು. ಮುನೀರಾ ಬ್ರೇಕ್ ಒತ್ತಿದರೆ ಹಿಂದೆ ಕೆಂಪು ದೀಪ ಹತ್ತುವ ಬದಲು ಎಡಗಡೆಯ ಇಂಡಿಕೇಟರು ಮಂದವಾಗಿ ಹೊಳೆಯುತ್ತಿತ್ತು. ಜತೆಗೆ ಹಿಂದಕ್ಕೆ ಬರುವಾಗಿನ ಬಿಳಿ ದೀಪವೂ ಕಣ್ಣು ಬಿಡುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂಭಾಗವೆಲ್ಲ ಒಟ್ಟಿಗೆ ಮಿಣಕತೊಡಗುತ್ತಿತ್ತು.

ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ಒಬ್ಬ ಆಟೋ ಚಾಲಕ ಪಕ್ಕಕ್ಕೆ ಬಂದು ನಿಂತ. “ಎಡಕ್ಕಾ, ಬಲಕ್ಕಾ, ಹಿಂದಕ್ಕಾ? ಒಂದು ಹೇಳಿ ಮಾರಾಯ್ರೇ! ನಾನು ಮಂಜೇಶ್ವರದವರೆಗೂ ನಿಮ್ಮ ಹಿಂದೆಯೇ ಬರಲಿಕ್ಕೆ ಆಗ್ತದಾ?”

ಅವನ ಹಿಂದಿನ ಬಸ್ಸಿನ ಕಂಡಕ್ಟರ್ ಕೆಳಗಿಳಿದೇ ಬಂದ. “ಮದುವೆ ಗಾಡಿಯಾ ಸಾಹೇಬ್ರೇ? ಲೈಟಿಂಗ್ ಒಳ್ಳೇದುಂಟು. ಮದುಮಗಳು ಯಾರು, ಡ್ರೈವರಾ?”

ಬೆಳಕು ಹಸಿರಾಯಿತು. ಮುನೀರಾ ಅವರ ಕಿವಿಗಳು ಕೆಂಪಾಗಿದ್ದವು. ಕಾರಿನಲ್ಲಿ ಸರಿಯಾಗಿ ಕೆಂಪಾದದ್ದು ಅವೆರಡೇ. ಅವರು ನೇರವಾಗಿ ಮನೆಗೆ ಬಂದು, ಕೀಲಿಯನ್ನು ಮೇಜಿನ ಮೇಲಿಟ್ಟು ಹೇಳಿದರು: “ಗುರುವಾರ ಇನ್‌ಸ್ಪೆಕ್ಟರ್ ಬ್ರೇಕ್ ಲೈಟು ನೋಡ್ತಾರೆ. ನೀವು ಎಂತ ಮಾಡಿದಿರೋ ನಾನು ಕೇಳುವುದಿಲ್ಲ. ನಾಳೆ ಸಂಜೆಯೊಳಗೆ ಸರಿ ಮಾಡಿಸಿ ತನ್ನಿ.”

ಕೇಳಿದ್ದರೆ ಮಾಸ್ಟರರು ಹೇಳುತ್ತಿದ್ದರು. ಕೇಳದವರಿಗೆ ಹೇಳುವುದು ಅಧಿಕಪ್ರಸಂಗವೆಂದು ಅವರು ಸುಮ್ಮನಾದರು.

ಬುಧವಾರ ಅವರು ಒಬ್ಬರೇ ಬೈಕಂಪಾಡಿಗೆ ಹೋದರು. ವಾಹನಗಳ ವಯರಿಂಗ್ ಕೆಲಸದಲ್ಲಿ ಹೆಸರಾದವನು ಅಲ್ಲೊಬ್ಬನಿದ್ದಾನೆಂದು ಯಾರೋ ಹೇಳಿದ್ದರು. ಅವನ ಹೆಸರು ಸೆವರಿನ್. ಮಾಸ್ಟರರನ್ನು ಕಂಡೊಡನೆ ಅವನು ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿ ಎದ್ದು ನಿಂತ. “ಸರ್! ಗುರ್ತ ಸಿಕ್ಕಿತಾ? ಹತ್ತನೇ ಬಿ. ಮೂರನೇ ಬೆಂಚು.”

ಮಾಸ್ಟರರಿಗೆ ಗುರುತು ಸಿಕ್ಕಿತು. ಒಂದೇ ಪ್ರಬಂಧದಲ್ಲಿ ಹನ್ನೊಂದು ಸಲ ‘ಅರ್ಥವಿಲ್ಲ’ ಎಂದು ಬರೆಸಿಕೊಂಡ ಏಕೈಕ ವಿದ್ಯಾರ್ಥಿ. ಆ ದಾಖಲೆ ಮುಂದೆ ಮುರಿಯಲಿಲ್ಲ.

ಸೆವರಿನ್ ಡಿಕ್ಕಿಯೊಳಗೆ ತಲೆ ತೂರಿಸಿದ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಅವನ ಧ್ವನಿ ಬಂದಿತು.

“ಸರ್, ಅರ್ತ್ ಇಲ್ಲ.”

“ಏನು?”

“ಅರ್ತ್ ಇಲ್ಲ ಸರ್ ಇದಕ್ಕೆ.”

ಇಲ್ಲಿ ಒಂದು ವಿಷಯವನ್ನು ಓದುಗರ ಗಮನಕ್ಕೆ ತರಬೇಕು. ನಮ್ಮ ಕರಾವಳಿಯ ನಾಲಗೆಗೆ ಮಹಾಪ್ರಾಣಗಳ ಮೇಲೆ ಅಷ್ಟೇನೂ ಮಮತೆಯಿಲ್ಲ. ತಕಾರ ಥಕಾರಗಳು ಇಲ್ಲಿ ಒಂದೇ ಮನೆಯಲ್ಲಿ ವಾಸಿಸುತ್ತವೆ. ಮಾಸ್ಟರರು ಮೂವತ್ತೆರಡು ವರ್ಷ ಅವೆರಡನ್ನು ಬೇರ್ಪಡಿಸಲು ಹೆಣಗಿದವರು. ಆದ್ದರಿಂದ ಅವರ ಕಿವಿ ತಾನು ಕೇಳಿದ್ದನ್ನು ತಕ್ಷಣ ತಿದ್ದಿಕೊಂಡಿತು. ಬಾಯಿ ಹಳೆಯ ಅಭ್ಯಾಸದಿಂದ ನುಡಿಯಿತು:

“ಅರ್ತ ಅಲ್ಲ ಸೆವರಿನ್. ಅರ್ಥ. ಉಸಿರು ಒತ್ತಿ ಹೇಳು. ಅರ್... ಥ.”

ಡಿಕ್ಕಿಯಿಂದ ತಲೆ ಹೊರಬಂದಿತು. ಗುರುವಾಕ್ಯವನ್ನು ಮೀರದ ಶಿಷ್ಯನು ಎದೆಯ ತುಂಬ ಉಸಿರೆಳೆದು, ಇಡೀ ವರ್ಕ್‌ಶಾಪಿಗೆ ಕೇಳುವಂತೆ ನುಡಿದ: “ಅರ್ಥ ಇಲ್ಲ ಸರ್!”

ಮಾಸ್ಟರರ ಮುಖ ಬಿಗಿಯಿತು. “ಯಾವುದಕ್ಕೆ ಇಲ್ಲ?”

“ಹಿಂದಿನದ್ದಕ್ಕೆ ಇಲ್ಲ.” ಅವನು ಬಾನೆಟ್ಟಿನ ಕಡೆಗೆ ಹೋಗಿ ಬಗ್ಗಿ ನೋಡಿದ. “ಅಯ್ಯೋ, ಮುಂದಿನದ್ದಕ್ಕೂ ಇಲ್ಲ. ಒಟ್ಟು ಎಲ್ಲಿಯೂ ಅರ್ಥವೇ ಇಲ್ಲ.”

“ಇದನ್ನು ನನಗೆ ಹೇಳುತ್ತಿದ್ದೀಯಾ?”

“ಮತ್ತೆ ಯಾರಿಗೆ ಹೇಳುವುದು ಸರ್? ನಿಮ್ಮದೇ ಅಲ್ವಾ? ಅರ್ಥ ಇಲ್ಲದೆ ಎಷ್ಟು ಒತ್ತಿದ್ರೂ ಎಂತ ಪ್ರಯೋಜನ? ಹೇಳ್ಬೇಕಾದ್ದು ಒಂದು, ಹೇಳುವುದು ಇನ್ನೊಂದು. ಹಿಂದೆ ಇದ್ದವರಿಗೆ ತಲೆಬುಡ ಗೊತ್ತಾಗುವುದಿಲ್ಲ.”

“ಹಿಂದಿನ ಬೆಂಚಿನವರಿಗೂ ಗೊತ್ತಾಗುವಂತೆಯೇ ನಾನು ಹೇಳುತ್ತಿದ್ದೆ!”

ಸೆವರಿನ್‌ಗೆ ಬೆಂಚು ಎಲ್ಲಿಂದ ಬಂದಿತೆಂದು ತಿಳಿಯಲಿಲ್ಲ. ಅವನು ಸಮಾಧಾನಪಡಿಸುವ ಧ್ವನಿಯಲ್ಲಿ ಹೇಳಿದ: “ಇದು ಮೊದಲಿಂದ ಹೀಗೆ ಇದ್ದದ್ದಲ್ಲ ಸರ್. ಯಾರೋ ಬುದ್ಧಿ ಇಲ್ಲದವರು ಕೈ ಹಾಕಿದ್ದು.”

ಅಷ್ಟು ಸಾಕಾಯಿತು. ಇಷ್ಟು ವರ್ಷ ಕಾದು, ಹನ್ನೊಂದು ಕೆಂಪು ಟಿಪ್ಪಣಿಗಳ ಸೇಡನ್ನು, ನಾಲ್ಕು ಜನ ಕೆಲಸಗಾರರ ಎದುರಿನಲ್ಲಿ, ಶುದ್ಧವಾದ ಮಹಾಪ್ರಾಣದೊಡನೆ ತೀರಿಸಿಕೊಂಡ ಶಿಷ್ಯನನ್ನು ಮಾಸ್ಟರರು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಡಿಕ್ಕಿಯನ್ನು ದಡಾರನೆ ಮುಚ್ಚಿ, ಕಾರು ಹತ್ತಿ ಹೊರಟೇಬಿಟ್ಟರು. ಅವರು ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಸೆವರಿನ್‌ಗೆ ಎಡಗಣ್ಣು ಹೊಡೆಯಿತು.

ಮನೆಯಲ್ಲಿ ಮುನೀರಾ ಅವರೊಡನೆ ನೆಲ್ಲಿ ಬಾಯಿಯೂ ಕಾದು ಕುಳಿತಿದ್ದರು; ಮೇಜಿನ ಮೇಲೆ ಮೊಬೈಲಿನೊಳಗೆ ಜುಬೈಲಿನಿಂದ ಶಾಹುಲನ ಮುಖವೂ ಇತ್ತು. ಮಾಸ್ಟರರು ನಡೆದುದನ್ನೆಲ್ಲ ವಿಸ್ತಾರವಾಗಿ ವರ್ಣಿಸಿದರು.

“ಅದೆಲ್ಲ ಸರಿ. ಕಾರು?” ಎಂದರು ಮುನೀರಾ.

“ಕಾರಿನ ಮಾತು ಅಲ್ಲಿ ಬರಲೇ ಇಲ್ಲ. ಅವನು ಆಡಿದ್ದೆಲ್ಲ ನನ್ನ ಬಗ್ಗೆ.”

“ಭಾವ, ಮೆಕ್ಯಾನಿಕ್ ನಿಮ್ಮ ಡಿಕ್ಕಿಯಲ್ಲಿ ತಲೆ ಹಾಕಿ ನಿಮ್ಮ ವ್ಯಾಕರಣ ಯಾಕೆ ನೋಡ್ತಾನೆ?” ಎಂದಿತು ಮೊಬೈಲು.

“ಸೆವರಿನಾ? ನಮ್ಮ ಇಗರ್ಜಿಯಲ್ಲಿ ಹಾಡುವ ಹುಡುಗ ಅವನು, ನಿನ್ನೆ ಮೊನ್ನೆಯವರೆಗೆ ಮಕ್ಕಳ ಹಾಗೆ ಇದ್ದವ” ಎಂದು ನೆಲ್ಲಿ ಬಾಯಿ ಆಕ್ಷೇಪಿಸಿದರು. “ಅವನಿಗೆ ಸೇಡು ಗೀಡು ಎಲ್ಲ ಬರಲಿಕ್ಕಿಲ್ಲ ಮಾಸ್ಟ್ರೇ. ಸ್ವರ ತಪ್ಪಿದರೂ ಸಾರಿ ಹೇಳ್ತಾನೆ.”

“ನಾನೇ ಕಿವಿಯಾರೆ ಕೇಳಿದೆ. ಉಚ್ಚಾರ ಸಹ ತಿದ್ದಿದೆ.”

ಮುನೀರಾ ಅವರು ಇನ್ನೂ ಮೂವರು ಮೆಕ್ಯಾನಿಕರಿಗೆ ಫೋನು ಮಾಡಿದರು. ಒಬ್ಬನು ಶನಿವಾರ ಎಂದ, ಇನ್ನೊಬ್ಬನು ಸೋಮವಾರ ಎಂದ, ಮೂರನೆಯವನು ಕಾರಿನ ಲಕ್ಷಣಗಳನ್ನು ಕೇಳಿ ನಕ್ಕು ಫೋನಿಟ್ಟ. ಕೊನೆಗೆ ನೆಲ್ಲಿ ಬಾಯಿಯಿಂದ ಸೆವರಿನನ ನಂಬರು ಪಡೆದು ಪ್ರಯತ್ನಿಸಿದರೆ, ಅವನು ಹಾಡಿನ ಅಭ್ಯಾಸಕ್ಕೆ ಹೋಗಿದ್ದನೋ ಏನೋ, ಎತ್ತಲಿಲ್ಲ. ಮಾಸ್ಟರರು ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಕುಳಿತು ಸೆವರಿನನಿಗೆ ನಾಲ್ಕು ಪುಟಗಳ ಖಂಡನಪತ್ರವೊಂದನ್ನು ರಚಿಸಿದರು. ಅದರ ಶೀರ್ಷಿಕೆ ‘ಅರ್ಥವಿಚಾರ’.

ಗುರುವಾರ ಹತ್ತು ಗಂಟೆಗೆ ಪರೀಕ್ಷೆಯ ಮೈದಾನ. ಇನ್‌ಸ್ಪೆಕ್ಟರ್ ಮನ್ವಿತಾ ಎಂಬುವರು ಚಿಕ್ಕ ಪ್ರಾಯದವರು. ನಗುವನ್ನು ಮನೆಯಲ್ಲಿಟ್ಟು ಬಂದವರಂತೆ ಕಾಣುತ್ತಿದ್ದರು.

“ಬ್ರೇಕ್ ಒತ್ತಿ.”

ಮುನೀರಾ ಒತ್ತಿದರು. ಇನ್‌ಸ್ಪೆಕ್ಟರು ಕಾರಿನ ಹಿಂಭಾಗವನ್ನು ಬಹಳ ಹೊತ್ತು ನೋಡಿದರು.

“ಇದೆಂತದು? ಬ್ರೇಕ್ ಒತ್ತಿದ್ರೆ ಎಡಕ್ಕೆ ಹೋಗ್ತೇನೆ ಅಂತ ಹೇಳ್ತದಲ್ಲ ನಿಮ್ಮ ಗಾಡಿ. ಹೀಗೆ ಟೆಸ್ಟ್ ತಗೊಳ್ಳಿಕ್ಕೆ ಆಗುವುದಿಲ್ಲ.”

“ಮೇಡಂ, ನನ್ನ ಎಲ್ಲೆಲ್ ಲೈಸನ್ಸು ಇವತ್ತಿಗೆ ಮುಗೀತದೆ. ದಮ್ಮಯ್ಯ.”

“ನಾನೆಂತ ಮಾಡಲಿ? ನನ್ನ ಹತ್ತಿರ ಇನ್ನು ಏಳು ಜನ ಇದ್ದಾರೆ. ಅವರದ್ದು ಮುಗಿಯುವಾಗ ಲೈಟು ಸರಿ ಉಂಟಾ, ನಿಮ್ಮನ್ನು ಕರೀತೇನೆ. ಇಲ್ವಾ, ಮತ್ತೆ ಮೊದಲಿಂದ.”

ಮುನೀರಾ ಅವರು ಕಾರನ್ನು ಬದಿಗೆ ತಂದು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರು ನೋಡುತ್ತಾ ಕುಳಿತರು. ಅವರು ಅಳಲಿಲ್ಲ, ಬೈಯಲಿಲ್ಲ. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಮಾಸ್ಟರರು ಅತ್ಯಂತ ಹೆದರಿದ್ದು ಆ ಮೌನಕ್ಕೆ. ಅದನ್ನು ತುಂಬಲು ಅವರಿಗೆ ಮೊದಲ ಬಾರಿಗೆ ಯಾವ ಪದದ ಮೂಲವೂ ನೆನಪಾಗಲಿಲ್ಲ.

ನಾಲ್ಕನೆಯ ಅಭ್ಯರ್ಥಿ ಮೈದಾನಕ್ಕೆ ಇಳಿದಾಗ ಫೋನು ಬಡಿದುಕೊಂಡಿತು. ಮುನೀರಾ ಸ್ಪೀಕರಿಗೆ ಹಾಕಿದರು.

“ಹಲೋ, ಸೆವರಿನ್ ಮೇಡಂ. ನಿನ್ನೆ ಫೋನು ನೋಡಲಿಲ್ಲ, ಸಾರಿ ಆಯ್ತಾ. ಸರ್‌ಗೆ ಎಂತ ಕೋಪ ಬಂತು ಅಂತ ನನಗೆ ಗೊತ್ತೇ ಆಗಲಿಲ್ಲ. ನಾನು ಅರ್ತ್ ಇಲ್ಲ ಅಂತ ಹೇಳಿದ್ದು ಮಾತ್ರ.”

“ಯಾವ ಅರ್ಥ?” ಎಂದು ಮಾಸ್ಟರರು ಗುಡುಗಿದರು.

“ಅರ್ತ್ ಸರ್, ಅರ್ತ್! ಇಂಗ್ಲಿಷಿನ ಅರ್ತ್! ಭೂಮಿ! ಕರೆಂಟು ವಾಪಸ್ ಹೋಗುವ ವಯರು. ಕಪ್ಪು ಬಣ್ಣದ್ದು, ಕಾರಿನ ಬಾಡಿಗೆ ಒಂದು ಸ್ಕ್ರೂ ಹಾಕಿ ಕೂರಿಸಿರ್ತಾರೆ. ಅದಿಲ್ಲದಿದ್ರೆ ಕರೆಂಟು ಸಿಕ್ಕಿದ ಲೈಟಿನಲ್ಲೆಲ್ಲ ನುಗ್ಗಿ ದಾರಿ ಹುಡುಕ್ತದೆ. ಮುಂದೊಂದು, ಹಿಂದೊಂದು, ಎರಡು ಸ್ಕ್ರೂ ಯಾರೋ ತೆಗೆದಿದ್ದಾರೆ. ಅವೆರಡು ಹಾಕಿದ್ರೆ ಆಯ್ತು, ಐದು ನಿಮಿಷದ ಕೆಲಸ.”

ಮಾಸ್ಟರರಿಗೆ ಅರ್ಥವೂ ಅರ್ತೂ ಏಕಕಾಲದಲ್ಲಿ ಆದವು. ಬೆವರಿದ ಕನ್ನಡಕವನ್ನು ಒರೆಸಲೆಂದು ಅವರು ಪೆಟ್ಟಿಗೆಯನ್ನು ಹೊರತೆಗೆದರು. ಪೆಟ್ಟಿಗೆ ‘ಗಲಗಲ’ ಎಂದಿತು.

ಮುನೀರಾ ನಿಧಾನವಾಗಿ ಅವರ ಕಡೆಗೆ ತಿರುಗಿ, ಅಂಗೈಯನ್ನು ಚಾಚಿದರು. “ಕೊಡಿ.”

ಎರಡು ಸ್ಕ್ರೂಗಳು ಅಂಗೈಗೆ ಬಿದ್ದವು.

“ತಿರುಗಿಸಲಿಕ್ಕೆ ಎಂತ ಉಂಟು?”

ಚೂರಿ ಮನೆಯಲ್ಲಿತ್ತು. ಮುನೀರಾ ಅವರ ದೃಷ್ಟಿ ಗಂಡನ ಕಿಸೆಯ ಮೇಲೆ ನಿಂತಿತು. ಮಾಸ್ಟರರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಅದು ಬೇಡ. ಮೂವತ್ತೆರಡು ವರ್ಷದ್ದು.”

“ಅದೇ ಬೇಕು.”

ಬುರ್ಖಾದ ತೋಳುಗಳನ್ನು ಮಡಚಿ ಮುನೀರಾ ಅವರು ಡಿಕ್ಕಿಯೊಳಗೆ ಮೊಣಕಾಲೂರಿದರು. ಫೋನಿನಿಂದ ಸೆವರಿನ್ ಹೇಳಿಕೊಟ್ಟಂತೆ ತಂತಿಯ ತುದಿಯನ್ನು ತಗಡಿನ ತೂತಿಗೆ ಸೇರಿಸಿ, ಸ್ಕ್ರೂವನ್ನಿಟ್ಟು, ಕೆಂಪು ಪೆನ್ನಿನ ಉಕ್ಕಿನ ಕ್ಲಿಪ್ಪಿನಿಂದ ಬಿಗಿದರು. ಸಾವಿರಾರು ವಾಕ್ಯಗಳಿಗೆ ಅರ್ಥವಿಲ್ಲವೆಂದು ಸಾರಿದ ಪೆನ್ನು ಅಂದು ಕ್ಲಿಪ್ಪು ಬಾಗಿಸಿಕೊಂಡು, ಮೊಟ್ಟಮೊದಲ ಬಾರಿಗೆ ಒಂದಕ್ಕೆ ಅರ್ಥವನ್ನು ಕೂಡಿಸಿಕೊಟ್ಟಿತು. ಡಿಕ್ಕಿಯ ಮುಚ್ಚಳವನ್ನು ಎತ್ತಿ ಹಿಡಿದು ನಿಂತ ಮಾಸ್ಟರರನ್ನು ನೋಡಿ, ಸಾಲಿನಲ್ಲಿದ್ದ ಒಬ್ಬ ಯುವಕ ಕೇಳಿದ: “ಮೆಕ್ಯಾನಿಕ್ ಅವರಾ ಸಾಹೇಬ್ರೇ?”

“ಹೌದು” ಎಂದರು ಮಾಸ್ಟರರು. ಆ ದಿನ ಅವರು ಆಡಿದ ಅತ್ಯಂತ ಚಿಕ್ಕ ವಾಕ್ಯ ಅದು.

ಮುಂದಿನ ಸ್ಕ್ರೂ ಸಹ ಕೂತಿತು. ಇನ್‌ಸ್ಪೆಕ್ಟರು ಕರೆದರು. ಬ್ರೇಕ್ ಒತ್ತಿದಾಗ ಹಿಂದೆ ಎರಡು ದೀಪಗಳು ಕೆಂಡದಂತೆ ಕೆಂಪಾದವು. ಮುಂದೆ ಬಿಳಿಯ ಗೆರೆಗಳು ಬಿಸಿಲಿನಲ್ಲಿ ಬೆಳಗಿದವು. ಸಾಲಿನ ಯುವಕ ತಕ್ಷಣ ಕೈಯೆತ್ತಿ ಬೆರಳುಗಳನ್ನು ಬಿಡಿಸಿ ಮಡಚಿದ. “ಲೈಟ್ ಉಂಟು! ಲೈಟ್ ಉಂಟು!”

“ಗೊತ್ತುಂಟು” ಎಂದರು ಮಾಸ್ಟರರು. “ಅದು ಹಗಲು ಉರಿಯುವುದೇ. ಉರಿಯಲಿ.”

ಮುನೀರಾ ಅವರು ಬಿಸ್ಮಿಲ್ಲಾ ಹೇಳಿ ಗೇರು ಹಾಕಿದರು. ಮುಂದಕ್ಕೆ ಹೋದರು, ಕಂಬಗಳ ನಡುವೆ ಹಿಂದಕ್ಕೆ ಬಂದರು, ಏರಿನಲ್ಲಿ ನಿಲ್ಲಿಸಿ ಜಾರದೆ ಹೊರಟರು. ಒಂದು ಕಂಬವೂ ಅಲುಗಲಿಲ್ಲ. ಇನ್‌ಸ್ಪೆಕ್ಟರ್ ಮನ್ವಿತಾ ಕಾಗದದ ಮೇಲೆ ಗುರುತು ಹಾಕಿ, “ಪಾಸ್” ಎಂದರು. ಅನಂತರ, ಮನೆಯಲ್ಲಿಟ್ಟು ಬಂದಿದ್ದರೆಂದು ನಾವು ಭಾವಿಸಿದ್ದ ನಗುವನ್ನು ಅಲ್ಲಿಯೇ ಎಲ್ಲಿಂದಲೋ ತೆಗೆದು, “ನಿಮ್ಮ ವಯರಿಂಗ್ ಯಾರು ಮಾಡಿದ್ದು? ಒಳ್ಳೇದುಂಟು” ಎಂದರು.

ಲೈಸನ್ಸು ಅಂಚೆಯಲ್ಲಿ ಬಂದ ಮರುದಿನ ಮುನೀರಾ ಅವರು ಒಬ್ಬರೇ ಸುರತ್ಕಲಿಗೆ ಹೊರಟರು. ಕಾರಿನ ಬಾಗಿಲವರೆಗೆ ಬಂದ ಮಾಸ್ಟರರು ಸುಮ್ಮನೆ ಒಂದು ಲಕೋಟೆಯನ್ನು ಒಳಗಿಟ್ಟರು. ಬೈಕಂಪಾಡಿಯಲ್ಲಿ ಸ್ಕ್ರೂಗಳನ್ನು ಸರಿಯಾಗಿ ಬಿಗಿಸಿಕೊಳ್ಳುವಾಗ ಮುನೀರಾ ಅದನ್ನು ಸೆವರಿನನಿಗೆ ಕೊಟ್ಟರು. ನಾಲ್ಕು ಪುಟಗಳ ‘ಅರ್ಥವಿಚಾರ’ ಅದರಲ್ಲಿರಲಿಲ್ಲ. ಒಂದೇ ಹಾಳೆಯಲ್ಲಿ, ಕ್ಲಿಪ್ಪು ಸೊಟ್ಟಗಾದ ಪೆನ್ನಿನಿಂದ ಬರೆದ ಒಂದೇ ಸಾಲಿತ್ತು: ‘ಸೆವರಿನ್, ಹತ್ತನೆಯ ಬಿ: ಅರ್ಥ ಉಂಟು.’ ಕೆಳಗೆ ರುಜು, ತಾರೀಖು. ಸೆವರಿನ್ ಕೈ ತೊಳೆದುಕೊಂಡು ಬಂದು ಅದನ್ನು ಎರಡು ಸಲ ಓದಿ, ಇಗರ್ಜಿಯ ಕ್ಯಾಲೆಂಡರಿನ ಪಕ್ಕದಲ್ಲಿ ಗೋಡೆಗೆ ಅಂಟಿಸಿದ.

ಸಂಜೆ ಹಿಂದಿರುಗುವಾಗ ಮುನೀರಾ ಅವರ ಪಕ್ಕದ ಸೀಟಿನಲ್ಲಿ ತಾಯಿ ಹಲೀಮಾ ಇದ್ದರು, ಎರಡು ದಿನ ಮಗಳ ಮನೆಯಲ್ಲಿರಲೆಂದು ಬಂದವರು. ಕೂಳೂರು ಸೇತುವೆ ಎದುರಾಯಿತು. ಬೆಳಗ್ಗೆ ಅದನ್ನು ದಾಟುವಾಗ ಕಾರಿನಲ್ಲಿ ಗಾಳಿಯ ಸದ್ದಲ್ಲದೆ ಬೇರೇನೂ ಇರಲಿಲ್ಲ. ಮುನೀರಾ ಅವರಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಈಗಲೂ ಅದೇ ಹಿತವನ್ನು ನಿರೀಕ್ಷಿಸಿ ಗಾಜನ್ನು ಸ್ವಲ್ಪ ಇಳಿಸಿದರು.

“ಅಲ್ಲ ಮಗಳೇ” ಎಂದರು ಹಲೀಮಾ, ನದಿಯನ್ನು ನೋಡುತ್ತಾ. “ಈ ಕೂಳೂರು ಅಂತ ಹೆಸರು ಯಾಕೆ ಬಂತು? ಅಳಿಯ ಯಾವಾಗಲೂ ಏನೋ ಹೇಳ್ತಿದ್ದರಲ್ಲ?”

ಮುನೀರಾ ಅವರ ನಾಲಗೆಯ ತುದಿಗೆ ಮೂರು ಪಕ್ಷಗಳೂ ಪೂರ್ವಪಕ್ಷ ಸಹಿತವಾಗಿ ಬಂದು ಸಾಲಾಗಿ ನಿಂತವು. ಬಾಯಿಯೂ ಅರ್ಧ ತೆರೆಯಿತು. ಅಷ್ಟರಲ್ಲಿ ಮುಂದಿನ ಬಸ್ಸು ನಿಧಾನಿಸಿತು. ಅವರು ಬಾಯಿ ಮುಚ್ಚಿ, ಬ್ರೇಕ್ ಒತ್ತಿದರು. ಹಿಂದೆ ಎರಡು ಕೆಂಪು ದೀಪಗಳು ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳಿದವು.

“ಅದಕ್ಕೆ ಅರ್ಥ ಇಲ್ಲ ಉಮ್ಮ” ಎಂದರು ಮುನೀರಾ.

ಎದುರಿನಿಂದ ಬರುತ್ತಿದ್ದ ಲಾರಿಯ ಚಾಲಕನೊಬ್ಬ ಕಿಟಕಿಯಿಂದ ಕೈ ಹೊರಹಾಕಿ, ಬೆರಳುಗಳನ್ನು ಬಿಡಿಸಿ ಮಡಚಿ ತೋರಿಸಿದ. ಮುನೀರಾ ಅವರು ಸ್ಟಿಯರಿಂಗಿನಿಂದ ಒಂದು ಕೈಯೆತ್ತಿ, ತಾವೂ ಬೆರಳು ಬಿಡಿಸಿ ಮಡಚಿ, ಅವನಿಗೆ ಸಲಾಂ ಹೇಳಿದರು.